ಮೊದಲ ಪುಸ್ತಕವೂ ಮನೆಯ ಮಾತೂ
(ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಶಾಲಾಪಾಠಗಳನ್ನು ಕುರಿತ ವಿಮರ್ಶೆ)

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದ ಬಂಡೆಯ ಶಾಸನವು ಹೆಸರುವಾಸಿಯಾದದ್ದು ಅದರಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ಬಂದಿರುವ ಕಾರಣದಿಂದ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಪ್ರಕಟಿಸಿದಂದಿನಿಂದ ವಿದ್ವಾಂಸರ ಚರ್ಚೆ ಬಹುಮಟ್ಟಿಗೆ ಆ ಒಂದು ಹೆಸರಿನ ಸುತ್ತಲೇ ನಡೆದಿದೆ. ಶಾಸನದ ಅಭಿಪ್ರಾಯದ ಕಡೆಗೆ ದೃಷ್ಟಿ ಹರಿದದ್ದು ಕಡಮೆ. ಧರ್ಮದಲ್ಲಿ ತೊಡಗಿದವನು ಅಲ್ಪನಾಗಿದ್ದರೂ ಉನ್ನತವಾದ ಫಲವನ್ನು ಪಡೆಯಬಲ್ಲನೆಂದೂ, ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ಎಣಿಸಬಾರದೆಂದೂ, ಈ ವಿಷಯವನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸತಕ್ಕದ್ದೆಂದೂ ಅದರ ತಾತ್ಪರ್ಯ. ಸಣ್ಣವರನ್ನು ಉದ್ದೇಶಿಸಿದ ಈ ಮಾತನ್ನು ಕೊರೆದಿರುವುದಾದರೋ ಪ್ರಾಕೃತದಲ್ಲಿ. ಆ ನೆಲದ ಸಣ್ಣವರು ಮನೆಯಲ್ಲಿ ಆಡುತ್ತಿದ್ದ ನುಡಿಯಲ್ಲಿ ಅಲ್ಲ. ಓದಿ ತಿಳಿಯ ಹೇಳುವವನೊಬ್ಬನು ನಡುವೆ ಇಲ್ಲದಿದ್ದರೆ ಅದು ಅವರಿಗೆ ಬರಿಯ ಗೀರುಗಳಿದ್ದ ಕಲ್ಲು.

ಆ ಬಂಡೆಯ ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯ ಮಗುವಿನ ಮುಂದೆ ತೆರೆದಿಡುವ ಪಾಠಕ್ಕೂ ಇಂಥದೇ ಒಂದು ತೊಡಕು ಉಂಟು. ಭಾಷೆ ಇಲ್ಲಿ ಕನ್ನಡವೇ ಆದುದರಿಂದ ತೊಡಕು ಮೇಲೆ ತೋರುವುದಿಲ್ಲ. ಕಾವ್ಯ, ನಾಟಕ, ಕಾದಂಬರಿಗಳನ್ನು ಸಾಲುಸಾಲಾಗಿ ವಿಮರ್ಶಿಸುವ ಕನ್ನಡ ವಿದ್ವಾಂಸರು ಮಕ್ಕಳ ಮೊದಲ ಪಾಠವನ್ನು ಒಂದು ಕೃತಿಯೆಂದು ಎಣಿಸಿದ್ದು ವಿರಳ. ಅದು ಇಲಾಖೆಯ ವಿಷಯವೆಂದು ಅವರು ಬಿಟ್ಟರು. ಇಲಾಖೆಯಾದರೋ ಅದನ್ನು ತರಬೇತಿಯ ವಿಷಯವೆಂದು ತಿಳಿಯಿತು. ಬೇರೆ ಯಾವ ಕನ್ನಡ ಗ್ರಂಥಕ್ಕೂ ಇಲ್ಲದಷ್ಟು ಓದುಗರಿರುವ ಪುಸ್ತಕವು ಹೀಗೆ ವಿಮರ್ಶಕರಿಲ್ಲದೆಯೇ ಉಳಿದಿದೆ.

ಈ ಸೀಮೆಯ ಸ್ಥಿತಿಯನ್ನು ಮೊದಲು ನೆನೆಯುವುದು ಅವಶ್ಯ. 1948ರವರೆಗೆ ಇದು ನಿಜಾಮರ ಆಳ್ವಿಕೆಗೆ ಸೇರಿತ್ತು. ಆಡಳಿತದ ಭಾಷೆ ಉರ್ದು, ಮೇಲಿನ ಓದಿನ ಭಾಷೆಯೂ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ದೇಶಭಾಷೆಯೊಂದರಲ್ಲಿ ಉನ್ನತ ವಿದ್ಯೆಯನ್ನು ಕಲಿಸಿದುದಕ್ಕಾಗಿ ಪ್ರಶಂಸೆ ಪಡೆಯಿತು. ಆ ಪ್ರಶಂಸೆ ನ್ಯಾಯವಾದುದೇ. ಆದರೆ ಸಿಂಧನೂರಿನ ಒಕ್ಕಲಮಗನಿಗೆ ಆ ದೇಶಭಾಷೆ ತನ್ನದಾಗಿರಲಿಲ್ಲ. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದಾಗ ಶಾಲೆಗೆ ಕನ್ನಡವು ಬಂದಿತು. ಬಂದ ಕನ್ನಡವು ಬಹುಮಟ್ಟಿಗೆ ತೆಂಕಣ ಸೀಮೆಯ ಗ್ರಾಂಥಿಕ ಕನ್ನಡ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡ 75.36 ಇದ್ದಾಗ ರಾಯಚೂರು ಜಿಲ್ಲೆಯದು ಶೇಕಡ 59.56, ಹೆಂಗಸರಲ್ಲಿ ಓದುಬಲ್ಲವರು ಅರ್ಧಕ್ಕೂ ಕಡಮೆ. ಮನೆಗೆ ಒಯ್ದ ಪುಸ್ತಕಕ್ಕೆ ಅಲ್ಲಿ ಎರಡನೆಯ ಓದುಗನು ಇಲ್ಲದಿರುವುದು ಸಾಮಾನ್ಯವೆಂದು ಇದರಿಂದ ತಿಳಿಯತಕ್ಕದ್ದು. ತಾಯಿ ಬಿಡಿಸಿ ಹೇಳಲಾರಳು. ಪುಸ್ತಕವು ತಾನೇ ಮಗುವಿನೊಡನೆ ಮಾತನಾಡಬೇಕು.

ಮಕ್ಕಳಲ್ಲಿ ಓದಿನ ಆಸಕ್ತಿಯನ್ನು ಹುಟ್ಟಿಸಲು ಈ ಸೀಮೆಯಲ್ಲಿ ನಡೆದ ಪ್ರಯತ್ನಗಳು ಕಡಮೆಯಲ್ಲ. ಬಿಸಿಯೂಟದ ಅಕ್ಷರ ದಾಸೋಹವು 2002ರಲ್ಲಿ ಮೊದಲು ಆರಂಭವಾದದ್ದು ರಾಯಚೂರನ್ನೊಳಗೊಂಡ ಉತ್ತರದ ಏಳು ಜಿಲ್ಲೆಗಳಲ್ಲಿಯೇ. 2013ರಲ್ಲಿ ಹಾಲು ಬಂದಿತು. 2021ರ ಡಿಸೆಂಬರಿನಲ್ಲಿ ಈ ಭಾಗದ ಜಿಲ್ಲೆಗಳಿಗೆ ಮೊಟ್ಟೆ ಬಂದಿತು. ಅಜೀಂ ಪ್ರೇಮ್‌ಜಿ ಫೌಂಡೇಶನ್ನು ಸರ್ಕಾರದೊಡನೆ ಸೇರಿ 2002ರಲ್ಲಿ ಈಶಾನ್ಯ ಕರ್ನಾಟಕದಲ್ಲಿ ನಡೆಸತೊಡಗಿದ ಕಲಿಕಾ ಖಾತರಿ ಕಾರ್ಯಕ್ರಮವು, ತಾವಾಗಿ ಮುಂದೆ ಬಂದ ಶಾಲೆಗಳಲ್ಲಿ ಮಕ್ಕಳ ಕಲಿಕೆಯನ್ನು ಅಳೆದು, ಗುರಿ ಮುಟ್ಟಿದ ಶಾಲೆಗಳಿಗೆ ಬಹುಮಾನ ಕೊಟ್ಟಿತು. ಕಂಠಪಾಠವನ್ನಲ್ಲದೆ ತಿಳಿವಳಿಕೆಯನ್ನು ಕೇಳುವ ಪ್ರಶ್ನೆಗಳಿಂದ ಅಳೆಯಲೆತ್ನಿಸಿದುದು ಅದರ ಹೆಚ್ಚಳ. ಹಸಿದ ಮಗು ಓದಲಾರದು, ಅಳೆಯದ ಶಾಲೆ ತಿದ್ದಿಕೊಳ್ಳಲಾರದು. ಈ ಉಪಾಯಗಳನ್ನು ಹಳಿಯುವುದು ಅವಿವೇಕ. ಆದರೆ ಇವೆಲ್ಲವೂ ಮಗುವನ್ನು ಪಾಠದ ಬಾಗಿಲವರೆಗೆ ಕರೆತರತಕ್ಕವು. ಬಾಗಿಲೊಳಗೆ ಏನಿದೆಯೆಂಬ ಪ್ರಶ್ನೆ ಬೇರೆಯೇ ಇದೆ. ತಟ್ಟೆಯಲ್ಲಿ ಬಿದ್ದಾಗ ಮಗು ಅದನ್ನು ತತ್ತಿಯೆಂದು ಕರೆಯುತ್ತದೆ. ಪಾಠದಲ್ಲಿ ಅದು ಮೊಟ್ಟೆ. ಊಟಕ್ಕೆ ಹಾಕಿದ್ದು ಉಳ್ಳಾಗಡ್ಡಿ, ಚಿತ್ರದ ಕೆಳಗೆ ಬರೆದದ್ದು ಈರುಳ್ಳಿ. ಮಗು ಬಂದದ್ದು ಸಾಲಿಗೆ, ಕಲಿಯುವುದು ಶಾಲೆಯಲ್ಲಿ.

ಇನ್ನು ಪಾಠಕ್ಕೆ ಬರೋಣವಾಗಲಿ. ಹಳೆಯ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುತ್ತಿದ್ದುವು. ಆ ಕ್ರಮವು ವ್ಯಾಕರಣಕಾರನಿಗೆ ಅತ್ಯಂತ ಸುಂದರ. ಉಚ್ಚಾರಣೆಯ ಸ್ಥಾನಗಳು ಗಂಟಲಿನಿಂದ ತುಟಿಯವರೆಗೆ ಸಾಲಾಗಿ ನಿಂತಿರುತ್ತವೆ. ಆದರೆ ಮಗುವು ಒಂದು ಮಾತನ್ನು ತಾನಾಗಿ ಬರೆಯುವ ಮೊದಲು ಋಷಿಯನ್ನೂ ಔಷಧವನ್ನೂ ದಾಟಿ ಹೋಗಬೇಕಾಗಿತ್ತು. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಋಷಿವ್ಯಾಲಿಯ ಪ್ರಯೋಗವನ್ನು ಕಂಡುಬಂದ ಶಿಕ್ಷಕರು ಯುನಿಸೆಫಿನ ನೆರವಿನಿಂದ ರೂಪಿಸಿದ ನಲಿ-ಕಲಿಯು ಈ ಕ್ರಮವನ್ನು ಮುರಿಯಿತು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ಹರಡಿತು. ಪುಸ್ತಕದ ಸ್ಥಾನದಲ್ಲಿ ಕಾರ್ಡುಗಳು, ತರಗತಿಯ ಸ್ಥಾನದಲ್ಲಿ ಕಲಿಕೆಯ ಏಣಿ. ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಮೆಟ್ಟಿಲೇರತಕ್ಕದ್ದು. ಮಳೆಯನ್ನೇ ನಂಬಿದ ಹೊಲಗಳು ಹೆಚ್ಚಾಗಿರುವ ಲಿಂಗಸುಗೂರು, ಮಸ್ಕಿಯ ಹಳ್ಳಿಗಳಿಂದ ಮನೆಮಂದಿಯೆಲ್ಲ ಗುಳೆ ಹೋಗುವುದುಂಟು. ಸಿಂಧನೂರಿನ ಕಾಲುವೆಯ ಗದ್ದೆಗಳಲ್ಲಿ ನಾಟಿಯ ದಿನಗಳಂದು ಮಕ್ಕಳು ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಉಳಿಯುವುದುಂಟು. ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಏರಬಹುದೆಂಬ ವ್ಯವಸ್ಥೆಯು ಇಂಥ ಮಕ್ಕಳಿಗೆ ಎಷ್ಟು ದೊಡ್ಡ ಉಪಕಾರವೆಂಬುದು, ತಪ್ಪಿದ ಪಾಠ ತಪ್ಪಿಯೇ ಹೋಗುತ್ತಿದ್ದ ಕಾಲವನ್ನು ಬಲ್ಲವರಿಗೆ ತಿಳಿದೀತು.

ನಲಿ-ಕಲಿಯಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಅನಂತರದವು ಜ, ವ, ಮ, ಬ, ನ. ಬರೆಯಲು ಸುಲಭವಾದವು, ಒಂದನ್ನೊಂದು ಹೋಲುವವು, ಬೇಗ ಮಾತಾಗತಕ್ಕವು ಎಂಬ ದೃಷ್ಟಿಯು ಇಲ್ಲಿ ಸ್ಪಷ್ಟವಾಗಿದೆ. ಐದೇ ಅಕ್ಷರ ಕಲಿತ ಮಗು ಅರಸ, ಅಗಸ, ಸರ, ದಸರ, ಗರಗಸ ಎಂದು ಬರೆಯಬಲ್ಲುದು. ಹತ್ತು ಕಲಿತಾಗ ಮರ, ಜನ, ಮಗ, ಬಸವ, ನಗರ, ಬರ ಇವೂ ಸೇರುವುವು. ಕೊನೆಯ ಮಾತು ಈ ಸೀಮೆಯ ಮಗುವಿಗೆ ಯಾರೂ ಅರ್ಥ ಹೇಳಬೇಕಾದುದಲ್ಲ. ವರ್ಣಮಾಲೆಯ ಹಾದಿಗಿಂತ ಇದು ಎಷ್ಟೋ ಹತ್ತಿರದ ಹಾದಿ.

ಆದರೂ ಒಂದು ಕೊರತೆಯಿದೆ. ಅದು ಗ್ರಂಥಕರ್ತರ ದೋಷಕ್ಕಿಂತ ಶಿಷ್ಟಭಾಷೆಯ ಸ್ವಭಾವದಿಂದ ಬಂದದ್ದು. ಮೇಲಿನ ಮಾತುಗಳೆಲ್ಲ ನಾಮಪದಗಳೆಂಬುದನ್ನು ಗಮನಿಸಬೇಕು. ಗ್ರಾಂಥಿಕ ಕನ್ನಡದ ಕ್ರಿಯಾಪದಗಳು ಸಾಮಾನ್ಯವಾಗಿ ಕಾಗುಣಿತವಿಲ್ಲದೆ ನಿಲ್ಲವು: ಇದೆ, ಬಾ, ಹೋಗು, ಬರುತ್ತಾನೆ, ನೋಡಿದಳು. ಆದುದರಿಂದ ಕಾಗುಣಿತವು ಬರುವವರೆಗೆ ಮಗುವಿಗೆ ಹೆಸರುಗಳುಂಟು, ವಾಕ್ಯವಿಲ್ಲ. ವಸ್ತುಗಳ ಪಟ್ಟಿಯನ್ನು ಓದುತ್ತದೆ. ಯಾರಿಗೂ ಏನನ್ನೂ ಹೇಳಲಾರದು. ಹೇಳಬೇಕೆಂಬ ಆಸೆಯೇ ಬರೆಯುವ ಆಸೆಯ ಮೂಲವಾದುದರಿಂದ ಈ ಅಂತರವು ಅಲ್ಪವಲ್ಲ.

ಈ ಸಂದರ್ಭದಲ್ಲಿ ಸೀಮೆಯ ಆಡುಮಾತು ಒಂದು ಅಪೂರ್ವವಾದ ಸಹಾಯವನ್ನು ಮಾಡಬಲ್ಲುದು. ಗ್ರಾಂಥಿಕದಲ್ಲಿ 'ಇದೆ' ಎನ್ನುವಲ್ಲಿ ರಾಯಚೂರು ಸೀಮೆಯಲ್ಲಿ 'ಐತಿ' ಎಂಬುದರ ಜೊತೆಗೆ 'ಅದ' ಎಂಬ ರೂಪವೂ ಬಳಕೆಯಲ್ಲಿದೆ. ಕಲಬುರಗಿ, ಬೀದರುಗಳ ಕಡೆಗೆ ಅದೇ ಪ್ರಬಲ. ಆ 'ಅದ' ಎಂಬುದರ ಎರಡು ಅಕ್ಷರಗಳೂ ನಲಿ-ಕಲಿಯ ಮೊದಲ ಐದರೊಳಗೇ ಇವೆ! 'ಸರ ಅದ', 'ಗರಗಸ ಅದ' ಎಂದು ಮೊದಲ ಐದಕ್ಷರಗಳಿಂದಲೇ ಬರೆಯಬಹುದು. ಹತ್ತು ಕಲಿತ ಮೇಲೆ 'ಮರ ಅದ', 'ಬರ ಅದ' ಎಂದು ಬರೆಯಬಹುದು. ಇವು ಪೂರ್ಣವಾಕ್ಯಗಳು, ಮಗುವಿನ ಬಾಯಿಂದ ಬಂದ ವಾಕ್ಯಗಳು. ಶಿಷ್ಟರೂಪದ 'ಇದೆ'ಗಾಗಿ ಕಾಯುವ ಮಗುವಿಗೆ ವಾಕ್ಯವು ಎಷ್ಟೋ ಮೆಟ್ಟಿಲುಗಳ ಮೇಲೆ ಸಿಕ್ಕುವುದು. ಆಡುಮಾತಿನ ಮಗುವಿಗೆ ಅದು ಏಣಿಯ ಬುಡದಲ್ಲೇ ಸಿಕ್ಕಬಹುದಾಗಿತ್ತು. ರಾಜ್ಯಕ್ಕೆಲ್ಲ ಒಂದೇ ಅಚ್ಚಾದ ಪಾಠದಲ್ಲಿ ಈ ಅನುಕೂಲಕ್ಕೆ ಸ್ಥಾನವಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಷಯವುಂಟು. ಬಡಗಣ ಕನ್ನಡದಲ್ಲಿ ಪದಾಂತ್ಯದ ಎಕಾರವು ಇಕಾರವಾಗುವುದು ಸುಪ್ರಸಿದ್ಧ: ಮನೆ-ಮನಿ, ಎಲೆ-ಎಲಿ, ಕುದುರೆ-ಕುದುರಿ. 'ಮನೆ' ಎಂದು ಬರೆದುದನ್ನು ಮಗು 'ಮನಿ' ಎಂದು ಓದಿದರೆ ಅದನ್ನು ತಪ್ಪೆಂದು ತಿದ್ದುವ ವಾಡಿಕೆಯಿದೆ. ವಿಚಾರಿಸಿ ನೋಡಿದರೆ, ಅಕ್ಷರವನ್ನು ಮಾತ್ರ ಕೂಡಿಸುವ ಮಗುವಿಗೆ 'ಮನೆ' ಎಂದೇ ಬರಬೇಕಾಗಿತ್ತು. ಅರ್ಥವನ್ನು ಹಿಡಿದ ಮಗುವಿಗಷ್ಟೇ 'ಮನಿ' ಎಂದು ಬರಬಲ್ಲುದು. ಅಂದರೆ ತಿದ್ದುವವರು ಅರಿಯದೆಯೇ ತಿಳಿವನ್ನು ದಂಡಿಸಿ ಗಿಳಿಪಾಠವನ್ನು ಮೆಚ್ಚಿದಂತಾಯಿತು. ಹೀಗೆ ಹತ್ತು ಸಲ ತಡೆಯಲ್ಪಟ್ಟ ಮಗು ಹನ್ನೊಂದನೆಯ ಸಲ ಬಾಯಿ ತೆರೆಯದಿದ್ದರೆ, ಅದನ್ನು ನಿರುತ್ಸಾಹಿಯೆಂದು ದಾಖಲೆ ಮಾಡುವುದು ಸುಲಭ. ಮೌನವಾದ ಮಕ್ಕಳಲ್ಲಿ ಎಷ್ಟು ಮಂದಿ ಹೀಗೆ ಮೌನವಾದವರೆಂಬುದನ್ನು ಯಾವ ಪರೀಕ್ಷೆಯೂ ಕೇಳಿದಂತೆ ಕಾಣದು.

ಕವಿರಾಜಮಾರ್ಗವನ್ನು ಪಾಠ ಹೇಳುವ ಅಧ್ಯಾಪಕರಿಗೆ ಇಲ್ಲಿ ಒಂದು ವಿಪರ್ಯಾಸ ಹೊಳೆಯದಿರದು. ಒಂಬತ್ತನೆಯ ಶತಮಾನದ ಆ ಗ್ರಂಥವು ಕನ್ನಡದ ತಿರುಳೆಂದು ಎಣಿಸಿದ ನಾಡಿನ ಎಲ್ಲೆಗಳಲ್ಲಿ ಕೊಪಣವೂ ಒಂದು. ಆ ಕೊಪ್ಪಳವು 1997ರವರೆಗೆ ರಾಯಚೂರು ಜಿಲ್ಲೆಗೇ ಸೇರಿತ್ತು. ಸಿಂಧನೂರು, ಲಿಂಗಸುಗೂರುಗಳಿಗೆ ಅದು ನೆರೆಯ ಸೀಮೆ. ತಿರುಳ್ಗನ್ನಡದ ಅಂಗಳದಲ್ಲಿ ಹುಟ್ಟಿದ ಮಗುವಿಗೆ ಅದರ ಕನ್ನಡವು ಶುದ್ಧವಲ್ಲವೆಂದು ಹೇಳಬೇಕಾಗಿ ಬಂದಿದೆ. ಅದೇ ಗ್ರಂಥದಲ್ಲಿ ದೇಸಿಗಳು ಬೇರೆಬೇರೆಯಾಗಿರುವುದರಿಂದ ಕನ್ನಡಗಳ ದೋಷವನ್ನು ಇಷ್ಟೇ ಎಂದು ಎಣಿಸಹೊರಟರೆ ವಾಸುಕಿಯೂ ಬೇಸರಗೊಂಡಾನೆಂಬ ಮಾತಿದೆ. ಲಾಕ್ಷಣಿಕನಿಗಿದ್ದ ಈ ಔದಾರ್ಯವು ಪಾಠಶಾಲೆಯವರೆಗೆ ಇಳಿಯಲಿಲ್ಲ.

ಹಾಗಾದರೆ ಜಿಲ್ಲೆಗೊಂದು ಆಡುಮಾತಿನ ಪುಸ್ತಕವನ್ನು ಅಚ್ಚುಹಾಕಿಸಬೇಕೆ ಎಂದು ಕೇಳಬಹುದು. ಈ ಮೂರು ತಾಲ್ಲೂಕುಗಳನ್ನು ನೋಡಿದರೆ ಆ ಉಪಾಯವು ನಿಲ್ಲುವುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಸುತ್ತ ನೆಲೆಸಿದ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು. ಪೂರ್ವಬಂಗಾಳದಿಂದ ಬಂದ ನಿರಾಶ್ರಿತರಿಗೆ ಅದೇ ತಾಲ್ಲೂಕಿನಲ್ಲಿ ನೆಲೆ ಕೊಟ್ಟ ಶಿಬಿರಗಳಲ್ಲಿ ಬಂಗಾಳಿ. ಲಿಂಗಸುಗೂರು, ಮಸ್ಕಿಯ ಕಡೆಯ ತಾಂಡಾಗಳಲ್ಲಿ ಲಂಬಾಣಿ. ಮುದಗಲ್ಲಿನ ಕೋಟೆಯ ನೆರಳಿನ ಓಣಿಗಳಲ್ಲಿ ಉರ್ದು. 'ಮನಿ' ಎಂದು ಅಚ್ಚಾದ ಪುಸ್ತಕವು ತಾಂಡಾದ ಮಗುವಿಗೆ 'ಮನೆ' ಎಂದು ಅಚ್ಚಾದುದರಷ್ಟೇ ದೂರ. ಮೇಲಾಗಿ ಗ್ರಾಂಥಿಕ ಕನ್ನಡವು ಈ ಮಕ್ಕಳಿಗೆಲ್ಲ ಸಲ್ಲಬೇಕಾದ ಸ್ವತ್ತು. ಹತ್ತನೆಯ ತರಗತಿಯ ಪರೀಕ್ಷೆಯೂ ಕಚೇರಿಯ ಅರ್ಜಿಯೂ ಅದರಲ್ಲಿಯೇ ಇರುವಾಗ, ಅವರಿಗೆ ಅದನ್ನು ತಪ್ಪಿಸುವುದು ಇನ್ನೊಂದು ಬಗೆಯ ವಂಚನೆಯಾದೀತು. ಪ್ರಶ್ನೆಯಿರುವುದು ಅದು ಯಾವಾಗ ಬರಬೇಕು, ಯಾವುದರ ಮೇಲೆ ನಿಂತು ಬರಬೇಕೆಂಬುದರಲ್ಲಿ.

ನ್ಯೂಜಿಲೆಂಡಿನಲ್ಲಿ ಮಾವೋರಿ ಮಕ್ಕಳಿಗೆ ಪಾಠ ಹೇಳಿದ ಸಿಲ್ವಿಯಾ ಆಷ್ಟನ್-ವಾರ್ನರ್ ಎಂಬಾಕೆಯು 1963ರಲ್ಲಿ ಪ್ರಕಟಿಸಿದ 'ಟೀಚರ್' ಎಂಬ ಗ್ರಂಥದಲ್ಲಿ ಇದಕ್ಕೆ ಒಂದು ದಾರಿ ತೋರಿಸಿದ್ದಾಳೆ. ಸಿದ್ಧ ವಾಚಕಗಳನ್ನು ಬದಿಗಿಟ್ಟು, ಪ್ರತಿಯೊಂದು ಮಗುವನ್ನೂ ಅದಕ್ಕೆ ಯಾವ ಮಾತು ಬೇಕೆಂದು ಕೇಳಿ, ಆ ಮಾತನ್ನು ಕಾರ್ಡಿನ ಮೇಲೆ ಬರೆದು ಕೊಡುತ್ತಿದ್ದಳು. ಮಕ್ಕಳು ಕೇಳಿದ ಮಾತುಗಳು ಅವರ ಭಯಕ್ಕೂ ಪ್ರೀತಿಗೂ ಸಂಬಂಧಿಸಿದವು. ಅವನ್ನು ಒಂದೇ ನೋಟಕ್ಕೆ ಕಲಿತರು. ಆಕೆಯ ವಿಧಾನದಲ್ಲಿ ಅತಿರೇಕಗಳಿಲ್ಲದಿಲ್ಲ. ಇಡೀ ಶಾಲೆಯನ್ನು ಒಬ್ಬಿಬ್ಬರೇ ನಡೆಸುವ ಹಳ್ಳಿಯ ಶಿಕ್ಷಕರಿಗೆ ಅದನ್ನು ಇದ್ದಂತೆ ವಿಧಿಸಲಾಗದು. ಆದರೆ ಕಾರ್ಡು ಎಂಬ ಉಪಕರಣವು ನಲಿ-ಕಲಿಯಲ್ಲಿ ಆಗಲೇ ಇದೆ, ಅಕ್ಷರಕ್ಕೆ ಮುಂಚೆ ಹಾಡು, ಕಥೆ, ಮಾತುಕತೆಗಳಿಗೆ ಸ್ಥಳವೂ ಇದೆ. ಮಗುವು ಆ ಮಾತುಕತೆಯಲ್ಲಿ ಹೇಳಿದ್ದು ಕಾರ್ಡಿನ ಮೇಲೆ ಬರುವುದೊಂದೇ ಉಳಿದಿದೆ.

ಹಾಗೆ ಬರಬೇಕಾದರೆ ಪ್ರತಿಯೊಂದು ಮೈಲಿಗಲ್ಲಿನ ಜೊತೆಗೂ ಅಚ್ಚಿಲ್ಲದ ಕೆಲವು ಕಾರ್ಡುಗಳನ್ನು ಕಳುಹಿಸಿದರೆ ಸಾಕು. ತಾಂಡಾದ ಮಗು ತನ್ನ ಮಾತನ್ನು ಕನ್ನಡ ಲಿಪಿಯಲ್ಲಿ ಕಂಡೀತು. ಕ್ಯಾಂಪಿನ ಮಗುವೂ ಕಂಡೀತು. 'ಮನಿ' ಎಂದು ಒಂದು ಬದಿಯಲ್ಲಿ, 'ಮನೆ' ಎಂದು ಹಿಂಬದಿಯಲ್ಲಿ ಬರೆದ ಕಾರ್ಡಿನಿಂದ ಎರಡನ್ನೂ ಕಲಿಯಲು ತೊಡಕಿಲ್ಲ. ದೊಡ್ಡ ತರಗತಿಗಳಲ್ಲಿ ಹಳಗನ್ನಡ ಹೊಸಗನ್ನಡಗಳನ್ನು ಹೀಗೆಯೇ ಎದುರುಬದುರು ಇಟ್ಟು ಕಲಿಸುವುದನ್ನು ಯಾರೂ ಅಶುದ್ಧವೆಂದಿಲ್ಲ. ಆ ಖಾಲಿ ಕಾರ್ಡಿನ ಮೇಲೆ ಶಿಕ್ಷಕನು ಮೊದಲು ಬರೆಯುವುದು ಮಗುವಿನ ಮಾತಾಗಿರಬೇಕು, ತನ್ನ ತಿದ್ದುಪಡಿಯಾಗಿರಬಾರದೆಂಬ ಒಂದು ನಿಯಮವನ್ನು ತರಬೇತಿಯಲ್ಲಿ ಸೇರಿಸಬೇಕಾದೀತು.