ಪೋವಿಸ್ ಕೋಟೆಯಲ್ಲಿ ಟಿಪ್ಪುವಿನ ಡೇರೆ

ಮಾಯಸಂದ್ರದಿಂದ ನಾಗಮಂಗಲದ ಹಾದಿ ಹಿಡಿದು ಶ್ರೀರಂಗಪಟ್ಟಣಕ್ಕೆ ಹೋದವರು ದರಿಯಾ ದೌಲತ್ ಬಾಗ್ ನೋಡದೆ ಬರುವುದು ಕಡಿಮೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ತೇಗದ ಬೇಸಿಗೆ ಅರಮನೆ, ಗೋಡೆಯ ಚಿತ್ರಗಳು, ಸುತ್ತಲಿನ ತೋಟ ಇಲ್ಲೇ ಉಳಿದವು. ಸುಲ್ತಾನನ ಡೇರೆ ಮಾತ್ರ ಕಡಲು ದಾಟಿ ವೇಲ್ಸ್ ದೇಶದ ಪೋವಿಸ್ ಕೋಟೆ ಸೇರಿತು.

ಉದ್ಯಾನಪ್ರಿಯರಿಗೆ ಪೋವಿಸ್ ಹೊಸ ಹೆಸರಲ್ಲ. 13ನೇ ಶತಮಾನದಲ್ಲಿ ಅಲ್ಲಿನ ಅರಸರು ಕಟ್ಟಿದ ಈ ಕೆಂಪುಕಲ್ಲಿನ ಕೋಟೆಯನ್ನು 1587ರಲ್ಲಿ ಹರ್ಬರ್ಟ್ ಮನೆತನ ಕೊಂಡು ವಾಸದ ಮನೆ ಮಾಡಿಕೊಂಡಿತು. ಮುಂದಿನ ಶತಮಾನದ ಕೊನೆಗೆ ಕೋಟೆಯ ಬುಡದ ಬಂಡೆ ಕಡಿದು, ಒಂದರ ಕೆಳಗೊಂದು ಜಗತಿ ಕಟ್ಟಿದರು. ಅಲ್ಲಿ ನೆಟ್ಟ ಯೂ ಗಿಡಗಳು ಮೊದಲು ಪುಟ್ಟ ಗೋಪುರಗಳಂತಿದ್ದವು. ಕತ್ತರಿ ಬೀಳುವುದು ತಪ್ಪಿದ ಕಾಲದಲ್ಲಿ ಬೆಳೆದು ಊದಿಕೊಂಡವು. ಈಗ ಯಂತ್ರದ ತೊಟ್ಟಿಲೇರಿಯೇ ಸವರಬೇಕು.

ಎದುರಿನ ದಿಬ್ಬ, ಪಾರ್ಕು 18ನೇ ಶತಮಾನದ ವಿಲಿಯಂ ಈಮ್ಸ್‌ನ ಕೈಕೆಲಸ. ಅಳತೆ ಹಾಕಿ ಸಾಲು ಹಿಡಿದು ತೆಂಗು ನೆಡುವವರ ಕಣ್ಣಿಗೆ ಅದು ತಾನಾಗಿ ಬೆಳೆದ ಕಾಡು. ಹಾಗೆ ಕಾಣಲೆಂದೇ ಅವನು ನೆಡಿಸಿದ್ದು.

ಅಷ್ಟು ಹೊತ್ತಿಗೆ ಮನೆತನ ಸಾಲದಲ್ಲಿತ್ತು. ದರಿಯಾ ದೌಲತ್ ಎದ್ದ ವರ್ಷವೇ ಹೆನ್ರಿಯೆಟಾ ಹರ್ಬರ್ಟ್, ರಾಬರ್ಟ್ ಕ್ಲೈವನ ಮಗ ಎಡ್ವರ್ಡ್‌ನ ಕೈ ಹಿಡಿದಳು. ಪೋವಿಸ್ ಚೇತರಿಸಿಕೊಂಡದ್ದು ಕ್ಲೈವ್ ಇಂಡಿಯಾದಲ್ಲಿ ಗಳಿಸಿದ ಹಣದಿಂದ. 1798ರಲ್ಲಿ ಎಡ್ವರ್ಡ್ ಮದ್ರಾಸಿನ ಗವರ್ನರಾದ. ಮರುವರ್ಷ ಶ್ರೀರಂಗಪಟ್ಟಣ ಬಿತ್ತು, ಟಿಪ್ಪುವಿನ ಡೇರೆ ಕ್ಲೈವ್ ಕುಟುಂಬದ ಕೈಸೇರಿತು. 1800ರಲ್ಲಿ ಹೆನ್ರಿಯೆಟಾ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬೆಂಗಳೂರು, ಶ್ರೀರಂಗಪಟ್ಟಣ ಸುತ್ತಿದಳು. ದಾರಿಯುದ್ದಕ್ಕೂ ಗಿಡ, ಕಲ್ಲು ಕೂಡಿಹಾಕಿದಳು.

ಡೇರೆಯ ಗೋಡೆಯೂ ಒಂದು ತೋಟವೇ. ಬಿಳಿ ಹತ್ತಿ ಬಟ್ಟೆಯ ಮೇಲೆ ಸಾಲುಸಾಲು ಕಮಾನು, ಒಂದೊಂದರೊಳಗೂ ಹೂದಾನಿ, ಅದರಿಂದ ಎಡಬಲಕ್ಕೆ ಸರಿಸಮವಾಗಿ ಬಾಗಿದ ಹಸಿರು ಬಳ್ಳಿ, ಕೆಂಪು ಹೂ. ದಂಡಿನ ಜೊತೆ ಸಾಗಬೇಕಾದ ಇದು ಪೋವಿಸ್‌ನ ಹುಲ್ಲುಹಾಸಿನಲ್ಲಿ ಔತಣಕೂಟಗಳಿಗೆ ನೆರಳಾಯಿತು. 1952ರಲ್ಲಿ ಕೋಟೆ ನ್ಯಾಷನಲ್ ಟ್ರಸ್ಟ್‌ನ ವಶಕ್ಕೆ ಬಂತು. ಟಿಪ್ಪುವಿನ ಸಿಂಹಾಸನದ ರತ್ನಖಚಿತ ಹುಲಿಮುಖವೊಂದೂ ಅಲ್ಲಿದೆ. ಜಗತಿಗಳ ಹೂಪಾತಿ ನೋಡಿ ಹೊರಟುಬಿಟ್ಟರೆ ಆ ಮನೆಯ ಅರ್ಧ ಚರಿತ್ರೆ ಒಳಗೇ ಉಳಿಯುತ್ತದೆ.

ತಾಯಿ ಹೆನ್ರಿಯೆಟಾಳೊಂದಿಗೆ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಹುಡುಗಿ ಷಾರ್ಲಟ್ ಮುಂದೆ ನಾರ್ಥಂಬರ್ಲೆಂಡಿನ ಡಚೆಸ್ ಆದಳು. 1828ರಲ್ಲಿ ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿ ದಕ್ಷಿಣ ಆಫ್ರಿಕಾದ ಗಿಡವೊಂದಕ್ಕೆ ಅವಳ ತವರಿನ ಹೆಸರಿಟ್ಟ: ಕ್ಲೈವಿಯಾ. ಅದೇ ಕುಲದ ಕಿತ್ತಳೆ ಹೂವಿನ ಗಿಡ ನರ್ಸರಿಗಳಲ್ಲಿ ಸಿಗುತ್ತದೆ. ಅದಕ್ಕೆ ನೇರ ಬಿಸಿಲು ಆಗದು, ತೆಂಗಿನ ನೆರಳು ಒಗ್ಗೀತು. ಕುಂಡದಲ್ಲಿ ನೀರು ನಿಂತರೆ ಮಾತ್ರ ಬೇರು ಕೊಳೆಯುತ್ತದೆ.