ಮುನ್ನೂರು ಓಮ್, ಎರಡು ಕಿವಿ

ಮುಂಬೈಯ ಮುಲುಂಡಿನಲ್ಲಿ ಹೆಡ್‌ಫೋನಿನ ಹುಚ್ಚು ಹಚ್ಚಿಕೊಂಡವರಿಗೆ ದಿನದಲ್ಲಿ ಸಂಗೀತಕ್ಕೆ ಸಿಗುವುದು ಎರಡೇ ಹೊತ್ತು. ಒಂದು, ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಬಾಗಿಲ ಕಂಬಿಗೂ ಇನ್ನೊಬ್ಬರ ಬ್ಯಾಗಿಗೂ ನಡುವೆ ಸಿಕ್ಕಿಕೊಂಡು ನಿಂತ ಹೊತ್ತು. ಇನ್ನೊಂದು, ರಾತ್ರಿ ಹನ್ನೊಂದು ದಾಟಿ, ಎಲ್‌ಬಿಎಸ್ ಮಾರ್ಗದ ಟ್ರಕ್ಕುಗಳೂ ಮೆಟ್ರೊ ಕಾಮಗಾರಿಯೂ ಸ್ವಲ್ಪ ಸುಮ್ಮನಾಗಿ, ರಾಷ್ಟ್ರೀಯ ಉದ್ಯಾನದ ಗುಡ್ಡದ ಕಡೆಯ ಕಿಟಕಿ ತೆರೆಯಬಹುದಾದ ಹೊತ್ತು. ಈ ಎರಡಕ್ಕೂ ಒಂದೇ ಹೆಡ್‌ಫೋನ್ ಸಾಲದು, ಒಂದೇ ವಾಲ್ಯೂಮ್ ಅಂತೂ ಸಲ್ಲದು. ಆದರೆ ನನ್ನನ್ನು ವಿಚಾರಿಸುವವರದು ಯಾವಾಗಲೂ ಒಂದೇ ಪ್ರಶ್ನೆ: "ಮುನ್ನೂರು ಓಮ್‌ದು ತಗೊಂಡಿದ್ದೇನೆ, ಎಷ್ಟು ವ್ಯಾಟಿನ ಆಂಪ್ ಬೇಕು?"

ಆಂಪ್, ಅಂದರೆ ಆಂಪ್ಲಿಫೈಯರ್, ಎಷ್ಟು ಕೊಡಬೇಕು ಎಂಬುದು ಕಿವಿಗೆ ಎಷ್ಟು ಸಾಕು ಎಂಬುದರ ಮೇಲೆ ನಿಂತಿದೆ. ಅಲ್ಲಿಂದಲೇ ಹೊರಡೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ 2019ರಲ್ಲಿ ಹೊರತಂದ ಮಾನಕದ ಪ್ರಕಾರ ವಯಸ್ಕರ ಕಿವಿಗೆ ವಾರಕ್ಕೆ 40 ಗಂಟೆ ಕಾಲ 80 ಡೆಸಿಬೆಲ್ ಮಿತಿ. ಮಕ್ಕಳಿಗೆ ಅದೇ ಅವಧಿಗೆ 75. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಸರಾಸರಿ 80ನ್ನು ನಮ್ಮ ಮೇಲಿನ ಗೆರೆ ಎಂದಿಟ್ಟುಕೊಳ್ಳಿ. ಖಯಾಲ್ ಗಾಯನದ ಒಂದು ಒಳ್ಳೆಯ ಮುದ್ರಣದಲ್ಲಿ ಸರಾಸರಿ ಮಟ್ಟಕ್ಕೂ ತಬಲಾದ ಒಂದು ಜೋರು ಪೆಟ್ಟಿಗೂ 20 ಡೆಸಿಬೆಲ್‌ವರೆಗೆ ಅಂತರವಿರಬಹುದು. ಆ ಪೆಟ್ಟು ಕ್ಷಣಮಾತ್ರದ್ದು, ಆದರೆ ಆಂಪ್ ಅದನ್ನು ಒಡೆಯದೆ ದಾಟಿಸಬೇಕು. ಅಲ್ಲಿಗೆ 100. ಗಾಯಕ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಮುದ್ರಣಗಳಂಥವು ಕೆಲವೊಮ್ಮೆ ಬಹಳ ತಗ್ಗಿನ ಮಟ್ಟದಲ್ಲಿರುತ್ತವೆ. ಅವುಗಳಿಗೆಂದು ಇನ್ನೊಂದು 10 ಸೇರಿಸಿ. 110 ಡೆಸಿಬೆಲ್ ಶಿಖರ ಮುಟ್ಟುವ ಆಂಪ್ ಇದ್ದರೆ ಮನುಷ್ಯನಿಗೆ ಸಾಕು.

ಈಗ ಲೆಕ್ಕ. ಸೆನ್‌ಹೈಸರ್ ಎಚ್‌ಡಿ 650 ಎಂಬ 2003ರ ಹೆಡ್‌ಫೋನನ್ನು ತೆಗೆದುಕೊಳ್ಳಿ. 300 ಓಮ್, 1 ವೋಲ್ಟ್ ಕೊಟ್ಟರೆ 103 ಡೆಸಿಬೆಲ್. 110 ಮುಟ್ಟಲು ಬೇಕಾದದ್ದು ಸುಮಾರು 2.2 ವೋಲ್ಟ್, ಅಂದರೆ 17 ಮಿಲಿವ್ಯಾಟ್. ಹೌದು, ವ್ಯಾಟಲ್ಲ, ಮಿಲಿವ್ಯಾಟ್. ಫೋನಿಗೆ ಸಿಕ್ಕಿಸುವ 1 ವೋಲ್ಟಿನ ಬೆರಳುದ್ದದ ಡಾಂಗಲ್ ಕೂಡ ಇದನ್ನು 103ರವರೆಗೆ ಒಯ್ಯುತ್ತದೆ. ಅದರಿಂದ 20 ಕಳೆದರೆ ಸರಾಸರಿ 83 ಉಳಿಯಿತು. ಅಷ್ಟೇ ಆಗಲೇ ನಮ್ಮ ಗೆರೆಗಿಂತ ಮೇಲೆ. ಜಾಹೀರಾತಿನ 2 ವ್ಯಾಟಿನ ಆಂಪ್ ಸಾಮಾನ್ಯವಾಗಿ 32 ಓಮ್‌ಗೆ ಹೇಳಿದ್ದು, ಎಂದರೆ 8 ವೋಲ್ಟ್. ಆ 8 ವೋಲ್ಟನ್ನು ಎಚ್‌ಡಿ 650ಗೆ ಪೂರ್ತಿ ತಿರುವಿದರೆ 121 ಡೆಸಿಬೆಲ್. ಆ ವಾಲ್ಯೂಮ್ ಗುಂಡಿ ಕೊಡಬಲ್ಲ ವೋಲ್ಟೇಜಿನ ಅರ್ಧಕ್ಕಿಂತ ಹೆಚ್ಚಿನ ಪಾಲಿಗೆ ನೀವು ಕಾಸು ಕೊಟ್ಟಿರುತ್ತೀರಿ, ಬಳಸುವಂತಿಲ್ಲ.

ಹಾಗಾದರೆ ಆಂಪ್ ಎಂಬುದೇ ಬೊಗಳೆಯೆ? ಅಲ್ಲ. ಓಮ್ ಹೆಚ್ಚಿದ್ದರೆ ಕಷ್ಟ, ಕಡಿಮೆಯಿದ್ದರೆ ಸುಲಭ ಎಂಬ ನಂಬಿಕೆಯಷ್ಟೇ ಬೊಗಳೆ. ಹೈಫೈಮನ್ ಎಚ್‌ಇ400ಎಸ್‌ಇ ಎಂಬ ಪ್ಲಾನರ್, ಅಂದರೆ ಚಪ್ಪಟೆ ಪೊರೆಯ, ಹೆಡ್‌ಫೋನು ಕೇವಲ 25 ಓಮ್‌ನದು, ಆದರೆ 1 ಮಿಲಿವ್ಯಾಟಿಗೆ ಕೊಡುವುದು 91 ಡೆಸಿಬೆಲ್ ಮಾತ್ರ. ಇದನ್ನು 110ಕ್ಕೆ ಏರಿಸಲು 80 ಮಿಲಿವ್ಯಾಟಿನಷ್ಟು ಬೇಕು. ವೋಲ್ಟೇಜ್ ಒಂದೂವರೆಯೊಳಗೇ, ಕರೆಂಟು ಮಾತ್ರ 56 ಮಿಲಿಆಂಪಿಯರ್. ಎಚ್‌ಡಿ 650 ಕೇಳುವ ಕರೆಂಟಿನ ಏಳು ಪಟ್ಟಿಗೂ ಹೆಚ್ಚು. ಸಣ್ಣ ಡಾಂಗಲ್ ಏದುಸಿರು ಬಿಡುವುದು ಇಲ್ಲಿ. ಮುನ್ನೂರು ಓಮ್‌ನದು ವೋಲ್ಟೇಜ್ ಬೇಡುತ್ತದೆ, ಪ್ಲಾನರ್ ಕರೆಂಟು ಬೇಡುತ್ತದೆ. ಅಂಗಡಿಯಲ್ಲಿ ಕೇಳಬೇಕಾದದ್ದು "ಎಷ್ಟು ವ್ಯಾಟ್" ಅಲ್ಲ. "ನನ್ನ ಹೆಡ್‌ಫೋನಿನ ಓಮ್‌ಗೆ ಎಷ್ಟು ವೋಲ್ಟ್, ಎಷ್ಟು ಕರೆಂಟು" ಎಂದು. ಸಂವೇದನೆಯ (ಸೆನ್ಸಿಟಿವಿಟಿ) ಅಂಕಿ ವೋಲ್ಟಿಗೆ ಹೇಳಿದ್ದೋ ಮಿಲಿವ್ಯಾಟಿಗೆ ಹೇಳಿದ್ದೋ ಎಂಬುದನ್ನೂ ನೋಡಿಕೊಳ್ಳಿ. ಎಚ್‌ಡಿ 650ಯ 103 ಮಿಲಿವ್ಯಾಟಿನ ಲೆಕ್ಕದಲ್ಲಿ 98 ಆಗುತ್ತದೆ.

ಆಂಪ್ ಮತ್ತು ಹೆಡ್‌ಫೋನಿನ ಜೋಡಿ ಕೂಡಲು ನೋಡಬೇಕಾದ ಎರಡನೆಯ ಗುಣ ಆಂಪ್‌ನ ಸ್ವಂತ ಓಮ್, ಅಂದರೆ ಔಟ್‌ಪುಟ್ ಇಂಪೀಡೆನ್ಸ್. ಅದು ಹೆಡ್‌ಫೋನಿನ ಓಮ್‌ನ ಎಂಟನೆಯ ಒಂದು ಪಾಲಿಗಿಂತ ಕಡಿಮೆ ಇರಲಿ ಎಂಬುದು ರೂಢಿಯ ಸೂತ್ರ. ಚೋರ್ ಬಜಾರ್‌ನಲ್ಲಿ ಸಿಗುವ ಹಳೆಯ ರಿಸೀವರುಗಳಲ್ಲಿ ಹೆಡ್‌ಫೋನ್ ಜ್ಯಾಕನ್ನು ಸ್ಪೀಕರಿನ ಸಾಲಿನಿಂದಲೇ ರೆಸಿಸ್ಟರ್ ಮೂಲಕ ಎಳೆದಿರುತ್ತಾರೆ. ಅದರ ಓಮ್ ನೂರಾರು. 1996ರ ಒಂದು ಅಂತರರಾಷ್ಟ್ರೀಯ ಮಾನಕವೂ 120 ಓಮ್ ಎಂದೇ ಹೇಳಿತ್ತು. ಸೆನ್‌ಹೈಸರ್‌ನ ಈ ಮನೆತನದ ಹೆಡ್‌ಫೋನುಗಳ ಓಮ್ ಎಲ್ಲ ಸ್ವರಕ್ಕೂ 300 ಅಲ್ಲ. ಮಂದ್ರದಲ್ಲಿ, 100 ಹರ್ಟ್ಸ್ ಆಸುಪಾಸು, 500ರ ಹತ್ತಿರ ಏರುತ್ತದೆ. 120 ಓಮ್‌ನ ಜ್ಯಾಕಿಗೆ ಹಾಕಿದರೆ ಆ ಭಾಗ ಸುಮಾರು 1 ಡೆಸಿಬೆಲ್ ಉಬ್ಬುತ್ತದೆ. ತಬಲಾದ ಬಾಯಾಂಗೆ ತುಸು ಮೈ ಬಂದಂತೆ ಕೇಳಿಸುತ್ತದೆ, ಹಲವರಿಗೆ ಅದು ಇಷ್ಟ, ನನಗೂ ಬೇಸರವಿಲ್ಲ. ಆದರೆ ಅದೇ ಜ್ಯಾಕಿಗೆ ಹಲವು ಡ್ರೈವರಿನ 16 ಓಮ್‌ನ ಐಇಎಂ (ಕಿವಿಯೊಳಗೆ ಕೂರುವ ಇನ್-ಇಯರ್ ಮಾನಿಟರ್) ಸಿಕ್ಕಿಸಿದರೆ ಸ್ವರದ ಚಹರೆಯೇ ಬದಲಾಗುತ್ತದೆ.

ಐಇಎಂಗೆ ದೊಡ್ಡ ಆಂಪ್ ಕಟ್ಟುವುದರಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಮಿಲಿವ್ಯಾಟಿಗೆ 105 ಡೆಸಿಬೆಲ್ ಕೊಡುವ 16 ಓಮ್‌ನ ಐಇಎಂ 1 ವೋಲ್ಟಿಗೇ 123 ಮುಟ್ಟುತ್ತದೆ. ಮೇಜಿನ ಆಂಪ್‌ನಲ್ಲಿ ಹಿಂದಿನ ರಾತ್ರಿ ಪ್ಲಾನರ್‌ಗೆಂದು ತಿರುವಿಟ್ಟ ಗುಂಡಿ ಹಾಗೇ ಇದ್ದು, ಬೆಳಿಗ್ಗೆ ಗಡಿಬಿಡಿಯಲ್ಲಿ ಐಇಎಂ ಸಿಕ್ಕಿಸಿದರೆ ಆ ಒಂದು ಸೆಕೆಂಡು ಸಾಕು. ಗೇನ್ ಕೆಳಗಿರಲಿ, ಗುಂಡಿ ಸೊನ್ನೆಯಲ್ಲಿರಲಿ, ಆಮೇಲೆ ತಂತಿ ಚುಚ್ಚಿ, ಕೊನೆಗೆ ಕಿವಿಗೆ ಹಾಕಿ. ಈ ಕ್ರಮ ಕೈಗೆ ಅಭ್ಯಾಸವಾಗಬೇಕು.

ಆಂಪ್‌ಗಳನ್ನು ಹೋಲಿಸಿ ಕೇಳುವವರಿಗೂ ಒಂದು ಮಾತು. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಾಗಲಿ, ಗೆಳೆಯರ ಹಜಾರವಾಗಲಿ, ಎರಡು ಆಂಪ್ ಪಕ್ಕಪಕ್ಕ ಇಟ್ಟರೆ ಅರ್ಧ ಡೆಸಿಬೆಲ್ ಜೋರಾದದ್ದೇ "ತೆರೆದುಕೊಂಡ ಹಾಗೆ" ಕೇಳಿಸಿ ಗೆಲ್ಲುತ್ತದೆ. ಮಟ್ಟ ಸರಿಹೊಂದಿಸದೆ ಕೊಟ್ಟ ತೀರ್ಪುಗಳೆಲ್ಲ ವಾಲ್ಯೂಮಿನ ತೀರ್ಪುಗಳು. ಇದರ ಹಿಂದಿನ ಕಾರಣವನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು: ಸದ್ದು ಇಳಿದಂತೆ ನಮ್ಮ ಕಿವಿಗೆ ಮಂದ್ರವು ಮಧ್ಯಮ ಸ್ವರಗಳಿಗಿಂತ ಬೇಗ ಕರಗುತ್ತದೆ. ಯಕ್ಷಗಾನ ಕೇಳುವಾಗ ಮದ್ದಳೆಯ ಗುಂಕಾರ ಸಾಲದೆಂದು ನಾವು ಗುಂಡಿ ತಿರುಗಿಸುತ್ತೇವೆ. ಮದ್ದಳೆಯ ಜೊತೆ ಚಕ್ರತಾಳವೂ ಏರಿ ಕಿವಿಗೆ ಹೊಡೆಯುತ್ತದೆ. ಹಳೆಯ ಆಂಪ್‌ಗಳಲ್ಲಿ ಇದಕ್ಕೆಂದೇ 'ಲೌಡ್‌ನೆಸ್' ಎಂಬ ಒತ್ತುಗುಂಡಿ ಇರುತ್ತಿತ್ತು. ಅದನ್ನು ಶುದ್ಧತೆಯ ಹೆಸರಲ್ಲಿ ಕಿತ್ತುಹಾಕಿದ್ದು ನನ್ನ ಮಟ್ಟಿಗೆ ಈ ಹವ್ಯಾಸದ ದೊಡ್ಡ ತಪ್ಪು. ಈಕ್ವಲೈಜರ್‌ನಲ್ಲಿ ಮಂದ್ರಕ್ಕೆ ಮೂರು ನಾಲ್ಕು ಡೆಸಿಬೆಲ್ ಸೇರಿಸಿ, ಒಟ್ಟು ಮಟ್ಟವನ್ನು ಆರು ಡೆಸಿಬೆಲ್ ಇಳಿಸಿ ಕೇಳಿ. ಸಂಗೀತ ಏನನ್ನೂ ಕಳೆದುಕೊಳ್ಳುವುದಿಲ್ಲ, ಕಿವಿಗೆ ಸಿಗುವ ಅವಧಿ ನಾಲ್ಕು ಪಟ್ಟಾಗುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟೇ: ಒಳ್ಳೆಯ ಸಲಕರಣೆಯ ಬೆಲೆ ಗೊತ್ತಾಗುವುದು ಅದರಲ್ಲಿ ಎಷ್ಟು ಮೆಲ್ಲಗೆ ಕೇಳಿ ತೃಪ್ತಿಪಡಬಹುದು ಎಂಬುದರಿಂದ. ತಂಬೂರಿಯನ್ನು ಪರೀಕ್ಷೆಗೆ ಇಡಿ. ಅದರ ಜವಾರಿಯ ಝೇಂಕಾರದಿಂದ ಏಳುವ ಉಪಸ್ವರಗಳು ಮೆಲುದನಿಯಲ್ಲೂ ಒಂದೊಂದಾಗಿ ಎದ್ದು ಮಡಚಿಕೊಳ್ಳುವುದು ಕೇಳಿಸಿದರೆ ಜೋಡಿ ಕೂಡಿದೆ. ಅದಕ್ಕಾಗಿ ಗುಂಡಿ ತಿರುಗಿಸಬೇಕಾಗಿ ಬಂದರೆ ಹೆಡ್‌ಫೋನಿನಲ್ಲೋ ಆಂಪ್‌ನಲ್ಲೋ ಕೋಣೆಯ ಗದ್ದಲದಲ್ಲೋ ಕೊರತೆಯಿದೆ. ಹಿಂದೂಸ್ತಾನಿ ಗಾಯನಕ್ಕೆ ನಾನು ಇವತ್ತಿಗೂ ಹಿಂಬದಿ ತೆರೆದ, ಅಂದರೆ ಓಪನ್-ಬ್ಯಾಕ್ ಎಚ್‌ಡಿ 650ಯನ್ನೇ ಆರಿಸುವುದು ಮೆಲುದನಿಯಲ್ಲಿ ಗಂಟಲಿನ ಧ್ವನಿಯನ್ನು ಅದು ಇಡಿಯಾಗಿ ಹಿಡಿದಿಡುವ ಕಾರಣಕ್ಕೆ.

ಕೋಣೆಯ ಗದ್ದಲ ಅಂದೆ. ಕಾನೂನಿನ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರ ನಂತರ 45 ಡೆಸಿಬೆಲ್ ಮಿತಿ. 2000ದ ಶಬ್ದ ಮಾಲಿನ್ಯ ನಿಯಮಗಳ ಈ ಅಂಕಿಗಳು ಗಣೇಶೋತ್ಸವದ ಮುಂಬೈಯಲ್ಲಿ ಏನಾಗುತ್ತವೆಂದು ಸುಮೈರಾ ಅಬ್ದುಲಾಲಿಯವರ ಆವಾಜ್ ಫೌಂಡೇಶನ್ ವರ್ಷ ವರ್ಷವೂ ಅಳೆದು ತೋರಿಸುತ್ತ ಬಂದಿದೆ. ಓಪನ್-ಬ್ಯಾಕ್ ಹೆಡ್‌ಫೋನು ಹೊರಗಿನ ಒಂದು ಹಾರ್ನನ್ನೂ ತಡೆಯದು. ಅದನ್ನು ಹಗಲಿನ ಎಲ್‌ಬಿಎಸ್ ಮಾರ್ಗದ ಮಗ್ಗುಲಲ್ಲಿ ಕೇಳುವುದೆಂದರೆ ರಸ್ತೆಯೊಂದಿಗೆ ಪೈಪೋಟಿಗಿಳಿದಂತೆ.

ಲೋಕಲ್‌ನಲ್ಲಿ ಲೆಕ್ಕ ಇನ್ನೂ ಕಟು. ಡಬ್ಬಿಯೊಳಗೆ 80 ಡೆಸಿಬೆಲ್ ಎಂದಿಟ್ಟುಕೊಳ್ಳಿ. ಸಡಿಲ ಇಯರ್‌ಬಡ್ ಹಾಕಿಕೊಂಡು ಅದರ ಮೇಲೆ ಸಂಗೀತ ಎದ್ದು ಕೇಳಬೇಕಾದರೆ 90ಕ್ಕೆ ಹೋಗುತ್ತೀರಿ. 90ಕ್ಕೆ ವಾರದ ಕೋಟಾ ಸುಮಾರು 4 ಗಂಟೆ. ಮುಲುಂಡಿನಿಂದ ಸಿಎಸ್‌ಎಂಟಿಗೆ ಹೋಗಿ ಬರಲು ದಿನಕ್ಕೆ ಎರಡು ಗಂಟೆ ಎಂದರೂ ಮಂಗಳವಾರ ಸಂಜೆಗೆ ಕೋಟಾ ಮುಗಿಯಿತು. ಫೋಮ್ ತುದಿಯ ಐಇಎಂ ಸರಿಯಾಗಿ ಕೂತರೆ ಹೊರಗಿನ ಸದ್ದನ್ನು 20 ಡೆಸಿಬೆಲ್‌ಗೂ ಹೆಚ್ಚು ತಗ್ಗಿಸುತ್ತದೆ. ಆಗ 70ರಲ್ಲೇ ಸಂಗೀತ ಸ್ಪಷ್ಟ. ನಾಯ್ಸ್ ಕ್ಯಾನ್ಸಲಿಂಗ್ ಗಾಲಿಯ ಗುಡುಗಿನಂಥ ಕೆಳಸ್ವರವನ್ನು ಚೆನ್ನಾಗಿ ನುಂಗುತ್ತದೆ, ಮಾತು ಮತ್ತು ಸೀಟಿಯನ್ನು ಅಷ್ಟಾಗಿ ಅಲ್ಲ. ಯಾವುದಿದ್ದರೂ ಪ್ಲಾಟ್‌ಫಾರ್ಮಿನಲ್ಲಿ, ರಸ್ತೆ ದಾಟುವಲ್ಲಿ ಕಿವಿ ಖಾಲಿ ಇರಲಿ.

ಹೆಡ್‌ಫೋನಿನ ಹೊರಗೂ ಈ ಕೋಟಾ ಖರ್ಚಾಗುತ್ತಿರುತ್ತದೆ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರು ಮುಂಬೈಗೆ ಬಂದಾಗ ಹವಾನಿಯಂತ್ರಿತ ಸಭಾಗೃಹದಲ್ಲಿ, ಬಯಲಿಗೆಂದು ಹುಟ್ಟಿದ ಚೆಂಡೆಗೆ ಮೈಕನ್ನೂ ಹಿಡಿದಿರುತ್ತಾರೆ. ಸ್ಪೀಕರಿನ ಪಕ್ಕದ ಸೀಟು ಬಿಟ್ಟು ಹಿಂದೆ ಕೂರಿ. ಸಂಗೀತಗಾರರಿಗೆಂದೇ ಮಾಡಿದ, ಎಲ್ಲ ಸ್ವರವನ್ನೂ ಸಮನಾಗಿ ತಗ್ಗಿಸುವ ಇಯರ್‌ಪ್ಲಗ್ ಜೇಬಿನಲ್ಲಿರಲಿ. ಆಟ ಮುಗಿದ ಮೇಲೆ ಕಿವಿಯಲ್ಲಿ 'ಗುಂಯ್' ಎನ್ನುತ್ತಿದ್ದರೆ ಆ ರಾತ್ರಿ ಹೆಡ್‌ಫೋನ್ ಮುಟ್ಟಬೇಡಿ. ದಣಿದ ಕಿವಿಗೆ ಸದ್ದು ಕಡಿಮೆ ಕೇಳುವುದರಿಂದ ಗುಂಡಿ ತಾನಾಗಿ ಮೇಲೇರುತ್ತದೆ. ಅದಕ್ಕೇ, ನಿಶ್ಶಬ್ದದ ಒಂದು ರಾತ್ರಿ ಸಾಕೆನಿಸಿದ ಮಟ್ಟಕ್ಕೆ ಗುಂಡಿಯ ಪಕ್ಕ ಒಂದು ಗುರುತು ಹಾಕಿ, ಉಳಿದ ದಿನ ಅದನ್ನು ದಾಟದಿರುವುದು ಒಳ್ಳೆಯದು.

ಒಳಗಿವಿಯಲ್ಲಿ ಪ್ರತಿ ಬದಿಗೆ ಸುಮಾರು 15 ಸಾವಿರ ರೋಮಕೋಶಗಳಿವೆ. ಕೋಳಿ ಅವುಗಳನ್ನು ಕಳೆದುಕೊಂಡರೆ ಮತ್ತೆ ಬೆಳೆಸಿಕೊಳ್ಳುತ್ತದೆ, ಮನುಷ್ಯ ಬೆಳೆಸಿಕೊಳ್ಳಲಾರ. ಗದ್ದಲದ ಹಾನಿ ಸಾಮಾನ್ಯವಾಗಿ ಮೊದಲು ಕಾಣುವುದು 4,000 ಹರ್ಟ್ಸ್ ಸುತ್ತ. ತಂಬೂರಿಯ ಜವಾರಿಯ ಹೊಳಪು, 'ಸ'ಕಾರದ ಚೂಪು ಇರುವುದು ಅಲ್ಲಿಯೇ ಮತ್ತು ಅದರ ಮೇಲೆ. ಸಾವಿರಗಟ್ಟಲೆ ಸುರಿದು ನಾವು ಕೊಳ್ಳುವ ಸೂಕ್ಷ್ಮವೂ ಅದೇ. ಆದ್ದರಿಂದ ಮುಂದಿನ ಆಂಪ್‌ಗೆ ಮೊದಲು ಒಂದು ಆಡಿಯೋಗ್ರಾಂ, ಅಂದರೆ ಕೇಳುವ ಶಕ್ತಿಯ ನಕ್ಷೆ, ಮಾಡಿಸಿ. ಬಾಂದ್ರಾ ರೆಕ್ಲಮೇಶನ್‌ನಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್-ಶ್ರವಣ ಸಂಸ್ಥೆಯಿದೆ; ಊರಿಗೆ ಹೋದವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ನಕ್ಷೆಯ ಗೆರೆ ನೇರವಾಗಿದ್ದರೆ ನಿಶ್ಚಿಂತೆಯಿಂದ ಆಂಪ್ ಆರಿಸಿ, 110ರ ಲೆಕ್ಕ ಮೀರದಂತೆ. 4,000ದ ಬಳಿ ಗೆರೆ ತಗ್ಗಿದ್ದರೆ ವೈದ್ಯರ ಮಾತು ಕೇಳಿ, ಈ ವರ್ಷದ ಆಂಪ್‌ನ ದುಡ್ಡನ್ನು ಲೋಕಲ್‌ಗೆ ಒಂದು ಒಳ್ಳೆಯ ಐಇಎಂ, ಉತ್ಸವಕ್ಕೆ ಒಂದು ಜೊತೆ ಇಯರ್‌ಪ್ಲಗ್ ಕೊಳ್ಳಲು ತೆಗೆದಿಡಿ.