‘ಕಟ್ಟು’ ಮತ್ತು ‘ರಚನೆ’: ಒಂದು ಶಬ್ದವಿಮರ್ಶೆ

ಕನ್ನಡ ವಿಮರ್ಶೆಯಲ್ಲಿ ‘ರಚನೆ’ ಎಂಬ ಶಬ್ದವು ಎಷ್ಟು ರೂಢಿಗೆ ಬಂದಿದೆಯೆಂದರೆ, ಅದರ ಅರ್ಥವನ್ನು ವಿಚಾರಿಸುವ ಗೋಜಿಗೆ ಹೋಗುವವರೇ ವಿರಳ. ಕಾವ್ಯವನ್ನು ಮಾಡುವ ಕ್ರಿಯೆಯೂ ರಚನೆ. ಮಾಡಿ ಮುಗಿಸಿದ ಕೃತಿಯೂ ರಚನೆ. ಆ ಕೃತಿಯ ಅಂಗಾಂಗಗಳ ಪರಸ್ಪರ ಸಂಬಂಧವೂ ರಚನೆಯೇ. ಮೂರನೆಯದನ್ನು ಬೇರ್ಪಡಿಸಿ ಹೇಳಬೇಕಾದಾಗ ‘ಬಂಧ’, ‘ಆಕೃತಿ’, ‘ಸಂರಚನೆ’ ಮೊದಲಾದ ಶಬ್ದಗಳನ್ನು ತಂದುಕೊಂಡುದುಂಟು. ಉಪಸರ್ಗವೊಂದನ್ನು ಹಚ್ಚಿದ ಮಾತ್ರಕ್ಕೆ ಅರ್ಥವು ತಿಳಿಯಾಗುವುದೆಂಬ ನಂಬಿಕೆ ಪಂಡಿತರಲ್ಲಿ ಹಳೆಯದು. ಇಷ್ಟೆಲ್ಲದರ ನಡುವೆ ಕನ್ನಡದ್ದೇ ಆದ ‘ಕಟ್ಟು’ ಎಂಬ ಧಾತುವು ವಿಮರ್ಶಕರ ಕಣ್ಣಿಗೆ ಹೆಚ್ಚಾಗಿ ಬೀಳದೆ ಹೋದುದು ವಿಚಿತ್ರವಾಗಿದೆ.

ಹೊರೆಯನ್ನು ಕಟ್ಟುವುದಕ್ಕೂ ಮನೆಯನ್ನು ಕಟ್ಟುವುದಕ್ಕೂ ಕನ್ನಡವು ಒಂದೇ ಮಾತನ್ನು ಬಳಸುತ್ತದೆ. ಬಿಗಿಯುವುದು, ನಿರ್ಮಿಸುವುದು ಎಂಬ ಈ ಎರಡು ಅರ್ಥಗಳನ್ನು ನಿಘಂಟು ಬೇರೆಬೇರೆಯಾಗಿ ಎಣಿಸಬಹುದು; ಬಳಕೆಯಲ್ಲಿ ಅವು ಅಷ್ಟು ದೂರದವಲ್ಲ. ಕಟ್ಟಡ, ಕಟ್ಟೆ, ಕಟ್ಟಳೆ, ಕಟ್ಟುಪಾಡು, ಕಟ್ಟುಕತೆ ಇವೆಲ್ಲ ಒಂದೇ ಬೇರಿನ ಚಿಗುರುಗಳು. ಹಾಡನ್ನೂ ಜನರು ಕಟ್ಟುತ್ತಾರೆಯೇ ಹೊರತು ‘ರಚಿಸು’ವುದಿಲ್ಲ. ಸುಳ್ಳು ಕತೆಗೆ ‘ಕಟ್ಟುಕತೆ’ ಎಂಬ ಹೆಸರು ಬಂದುದು ಈ ಧಾತುವಿಗೆ ಕೊಂಚ ಅಪಕೀರ್ತಿ ತಂದಿರಬಹುದು. ಆದರೆ ಕಲ್ಪನೆಯೂ ಒಂದು ಜೋಡಣೆಯೆಂಬ ತಿಳಿವು ಆ ನುಡಿಯಲ್ಲಿಯೇ ಅಡಗಿದೆ.

ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದು ಈಗ ಕಡಬ ತಾಲೂಕಿನಲ್ಲಿರುವ ಕೋಡಿಂಬಾಳ ಮತ್ತು ಅದರ ಸುತ್ತಣ ಸೀಮೆಯಲ್ಲಿ ಈ ಎರಡು ಅರ್ಥಗಳ ನಂಟು ಕಣ್ಣಿಗೆ ಕಾಣುವಂತಿದ್ದಿತು. ಮುಳಿಹುಲ್ಲಿನ ಮನೆಗಳ ಕಾಲದಲ್ಲಿ ಬಿದಿರನ್ನೂ ಅಡಕೆಮರದ ಸೀಳುಗಳನ್ನೂ ಹಗ್ಗದಿಂದಲೋ ಬಳ್ಳಿಯಿಂದಲೋ ಬಿಗಿದು ಮಾಡನ್ನು ನಿಲ್ಲಿಸುತ್ತಿದ್ದರು. ಅಲ್ಲಿ ಬಿಗಿಯುವುದೇ ನಿರ್ಮಾಣ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಕ್ರಮೇಣ ಹಂಚು, ಪಕ್ಕಾಸು, ರೀಪು, ಮೊಳೆಗಳು ಬಂದುವು. ಹಗ್ಗ ಹೋಯಿತು, ‘ಕಟ್ಟು’ ಎಂಬ ಮಾತು ಉಳಿಯಿತು. ಅದೇ ಮಿಶನ್ನಿನ ಮುದ್ರಣಾಲಯದಿಂದ 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂದುದು ಇಲ್ಲಿ ಸ್ಮರಣೀಯ.

ಇದಕ್ಕಿಂತಲೂ ಅರ್ಥವತ್ತಾದುದು ಈ ಸೀಮೆಯ ‘ಕಟ್ಟ’. ಮಳೆಗಾಲ ಮುಗಿದ ಮೇಲೆ ತೋಡುಗಳಿಗೆ ಅಡ್ಡವಾಗಿ ಕಲ್ಲು, ಮಣ್ಣು, ಸೊಪ್ಪುಗಳಿಂದ ಕಟ್ಟವನ್ನು ಹಾಕಿ, ಬೇಸಗೆಯಲ್ಲಿ ಅಡಕೆತೋಟಗಳಿಗೆ ನೀರುಣಿಸುವುದು ಬಹುಕಾಲದ ರೂಢಿ. ಮರುವರ್ಷದ ಮಳೆಗೆ ಅದು ಕೊಚ್ಚಿಹೋಗುತ್ತದೆ, ಮತ್ತೆ ಕಟ್ಟಬೇಕು. ಶಾಶ್ವತವಾಗಿ ನಿಲ್ಲುವುದೇ ನಿರ್ಮಾಣದ ಲಕ್ಷಣವೆಂದು ಭಾವಿಸುವವರಿಗೆ ಈ ಶಬ್ದವು ಒಂದು ಉತ್ತರವಾಗಿದೆ.

ಈ ವ್ಯತ್ಯಾಸವು ಕೇವಲ ಶಬ್ದಗಳ ಜಗಳವಲ್ಲ. ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ಕೋಡಿಂಬಾಳಕ್ಕೆ ಸಮೀಪದ ಸುಬ್ರಹ್ಮಣ್ಯದ ಕಾಡುಬೆಟ್ಟಗಳ ಕಾದಂಬರಿ. ದಾರಿ ತಪ್ಪಿದ ಪ್ರಯಾಣಿಕನು ಗೋಪಾಲಯ್ಯನ ಮನೆಯನ್ನು ಸೇರುತ್ತಾನೆ, ಕೆಲವು ದಿನ ತಂಗುತ್ತಾನೆ, ಹೊರಡುತ್ತಾನೆ. ಇದನ್ನು ‘ರಚನೆ’ಯ ಅಳತೆಗೋಲಿನಿಂದ ನೋಡಿದರೆ ಬಿಡಿ ಪ್ರಸಂಗಗಳ ಸಡಿಲ ಜೋಡಣೆಯೆಂದು ತಳ್ಳಿಹಾಕುವುದು ಸುಲಭ. ಒಂದು ಘಟನೆಯ ಮೇಲೆ ಇನ್ನೊಂದು ಇಟ್ಟಿಗೆಯಂತೆ ಕುಳಿತಿಲ್ಲವೆಂಬುದು ನಿಜ. ಆದರೆ ಕಾಡನ್ನು ಕಡಿದು ತೋಟ ಮಾಡಿದ ಮುದುಕನ ಛಲ, ಶಂಕರಮ್ಮನೊಡನೆ ಅವನ ಸರಸ, ಮನೆಬಿಟ್ಟುಹೋದ ಮಗನ ಕೊರತೆ, ಆ ಕೊರತೆಯನ್ನು ತುಂಬಲೆಂಬಂತೆ ಕಟ್ಟದ ಮೂಲೆಯಲ್ಲಿ ನೆಲೆಗೊಂಡ ನಾರಾಯಣ, ಇವು ಒಂದನ್ನೊಂದು ಬಿಗಿದುಕೊಂಡಿವೆ. ಯಾವ ಗಂಟನ್ನು ಬಿಚ್ಚಿದರೂ ಮಾಡು ಜಗ್ಗುತ್ತದೆ. ಇಲ್ಲಿ ರಚನೆ ಸಡಿಲವಿರಬಹುದು, ಕಟ್ಟು ಸಡಿಲವಿಲ್ಲ. ಈ ಮಾತನ್ನು ಹೇಳಲು ಒಂದೇ ಶಬ್ದ ಸಾಲದು. ಸಾಲದೆಂದು ತಿಳಿಯದುದರಿಂದಲೇ ಒಳ್ಳೆಯ ಕೃತಿಗಳ ಮೇಲೆ ಸಡಿಲತೆಯ ಆರೋಪ ಬರುತ್ತದೆ.

ದೇಶ್ಯಶಬ್ದಗಳ ಮೇಲಣ ಮೋಹದಿಂದ ಎಲ್ಲೆಂದರಲ್ಲಿ ಅರ್ಥಸಂಬಂಧವನ್ನು ಕಾಣುವುದೂ ಸರಿಯಲ್ಲ. ಕರಾವಳಿಯಲ್ಲಿ ‘ಮಾಡು’ ಎಂದರೆ ಮನೆಯ ಮೇಲ್ಚಾವಣಿ. ನಿರ್ಮಿಸುವ ಅರ್ಥದ ‘ಮಾಡು’ ಕ್ರಿಯಾಪದಕ್ಕೂ ಇದಕ್ಕೂ ನಂಟು ಕಲ್ಪಿಸುವುದು ಸೊಗಸಾಗಿ ತೋರಬಹುದು. ಆದರೆ ನಾಮಪದವು ಹಳಗನ್ನಡದ ‘ಮಾಡ’, ‘ಕರುಮಾಡ’ಗಳ ಮತ್ತು ತುಳುವಿನಲ್ಲಿ ದೈವಸ್ಥಾನವೆಂಬ ಅರ್ಥವುಳ್ಳ ‘ಮಾಡ’ದ ಬಳಗದ್ದು, ಬರೋ ಮತ್ತು ಎಮೆನೋ ಅವರು 1961ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿ ಕೋಶವು ಎರಡನ್ನೂ ಬೇರೆಯಾಗಿಯೇ ಇರಿಸಿದೆ. ಹಾಗೆಯೇ ವಾಕ್ಯರಚನೆ, ಅಣುರಚನೆ ಮುಂತಾದೆಡೆಗಳಲ್ಲಿ ‘ಕಟ್ಟು’ ಸಲ್ಲದು. ಅಲ್ಲಿ ಬಿಗಿಯುವವನ ಕೈಯನ್ನು ಹೇಳಬೇಕಾಗಿಲ್ಲ, ಇರುವ ಕ್ರಮವನ್ನಷ್ಟೇ ಹೇಳಬೇಕಾಗಿದೆ. ‘ಬಂಧ’ವು ಸಂಸ್ಕೃತದಲ್ಲಿ ‘ಕಟ್ಟು’ವಿಗೆ ಬಹು ಸಮೀಪದ್ದಾದರೂ ಕನ್ನಡದ ಕಿವಿಗೆ ಸೆರೆಮನೆಯ ನೆನಪನ್ನು ಒಡನೆಯೇ ತರುತ್ತದೆ, ‘ಕಾವ್ಯದ ಬಂಧ’ ಎಂದಾಗ ಬಿಗಿತವು ಕೇಳಿಸುತ್ತದೆ, ಕಟ್ಟಿದ ಕೈ ಕಾಣಿಸುವುದಿಲ್ಲ.